ಲಕ್ಷದ್ವೀಪದ ಲಗೂನಿಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಅರಬ್ಬಿ ಸಮುದ್ರ ಅಂದರೆ ನಮ್ಮ ಕಣ್ಣಿಗೆ ಬರುವುದು ಮಲ್ಪೆ, ಮುರುಡೇಶ್ವರ, ಗೋಕರ್ಣದ ಅಲೆಗಳು. ಸೊಂಟದ ಮಟ್ಟಕ್ಕೆ ಇಳಿದರೆ ಸಾಕು, ಕಾಲ ಕೆಳಗಿನ ಮರಳನ್ನೇ ಎಳೆದುಕೊಂಡು ಹೋಗುತ್ತವೆ. ಅದೇ ಸಮುದ್ರದಲ್ಲಿ, ಕೇರಳದ ಕರಾವಳಿಯಿಂದ 200–400 ಕಿಲೋಮೀಟರ್ ಆಚೆ, ನೀರು ಕೆರೆಯ ಹಾಗೆ ನಿಂತಿರುತ್ತದೆ. ಅಲ್ಲಿ ಈಜುವುದು ಸುಲಭ. ಅಲ್ಲಿಗೆ ತಲುಪುವುದು ಮಾತ್ರ ಅಷ್ಟು ಸುಲಭವಲ್ಲ. ಹೊರಡುವ ಮೊದಲು ಜನ ಜಾಸ್ತಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ.

ಲಗೂನಿನ ನೀರು ಅಷ್ಟು ಶಾಂತ ಯಾಕೆ?

ಅದು ಹವಳದ ಕೆಲಸ. ಸಮುದ್ರದ ತಳದಲ್ಲಿ ಹಳೇ ಜ್ವಾಲಾಮುಖಿಗಳ ಒಂದು ಉದ್ದ ಸಾಲು ಇದೆ. ಲಕ್ಷದ್ವೀಪ, ಮಾಲ್ದೀವ್ಸ್ ಎರಡೂ ಕೂತಿರುವುದು ಅದರ ಮೇಲೆಯೇ. ಬೆಟ್ಟ ನಿಧಾನವಾಗಿ ಕೆಳಗೆ ಕುಸಿಯುತ್ತಾ ಹೋದಂತೆ ಅದರ ಅಂಚಿನ ಹವಳ ಬೆಳಕು ಹುಡುಕಿಕೊಂಡು ಮೇಲಕ್ಕೆ ಬೆಳೆಯುತ್ತಾ ಬಂತು. ಕೊನೆಗೆ ಬೆಟ್ಟ ಮುಳುಗಿತು, ಹವಳದ ಉಂಗುರ ಉಳಿಯಿತು. 1842ರಲ್ಲಿ ಚಾರ್ಲ್ಸ್ ಡಾರ್ವಿನ್ ಕೊಟ್ಟ ವಿವರಣೆ ಇದು. ಈಗಲೂ ಇದನ್ನೇ ಒಪ್ಪುತ್ತಾರೆ.

ಉಂಗುರದ ಪೂರ್ವದ ಅಂಚಿನಲ್ಲಿ ಮರಳು ಕೂಡಿ ದ್ವೀಪವಾಗಿದೆ. ಪಶ್ಚಿಮಕ್ಕೆ ನೀರಿನ ಮಟ್ಟದಲ್ಲೇ ಹವಳದ ದಂಡೆ. ಇವೆರಡರ ನಡುವಿನ ನೀರೇ ಲಗೂನ್. ದಡದಲ್ಲಿ ನಿಂತು ದೂರಕ್ಕೆ ನೋಡಿದರೆ ಒಂದು ಬಿಳಿ ಗೆರೆ ಕಾಣುತ್ತದೆ. ಅಲೆಗಳು ಒಡೆಯುವುದು ಅಲ್ಲಿ. ಗಾಳಿ ನಿಂತಾಗ ಅದರ ಸದ್ದೂ ಕೇಳುತ್ತದೆ. ಅಲೆಯ ಜೋರೆಲ್ಲ ಅಲ್ಲೇ ಮುಗಿದು, ನಿಮ್ಮ ಕಾಲಿಗೆ ಬರುವುದು ಬರೀ ಸಣ್ಣ ತೆರೆ. ಅದೇ ದ್ವೀಪದ ಪೂರ್ವದ ಕಡೆಗೆ ಹತ್ತು ನಿಮಿಷ ನಡೆದು ನೋಡಿ, ಬೇರೆಯೇ ಸಮುದ್ರ ಸಿಗುತ್ತದೆ. ಅಲ್ಲಿ ಈಜಬೇಡಿ.

36 ದ್ವೀಪಗಳನ್ನು ಕೂಡಿಸಿದರೂ ನೆಲ ಸುಮಾರು 32 ಚದರ ಕಿಲೋಮೀಟರ್ ಮಾತ್ರ. ಲಗೂನುಗಳ ವಿಸ್ತಾರ ಸುಮಾರು 4,200 ಚದರ ಕಿಲೋಮೀಟರ್. ನೀವು ಹೋಗುತ್ತಿರುವುದು ನೀರು ನೋಡುವುದಕ್ಕೆ ಅಂತ ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ನೆಲದ ಮೇಲೆ ನೋಡುವ ಜಾಗಗಳನ್ನು ಅರ್ಧ ದಿನದಲ್ಲಿ ಮುಗಿಸಬಹುದು.

ನೀರು ನಿಜಕ್ಕೂ ಬೆಚ್ಚಗಿರುತ್ತದಾ?

ಇರುತ್ತದೆ. ಚಳಿಗಾಲದಲ್ಲೂ 28 ಡಿಗ್ರಿ ಆಸುಪಾಸು. ಏಪ್ರಿಲ್–ಮೇ ಹೊತ್ತಿಗೆ 30 ದಾಟುತ್ತದೆ. ಮುಂಗಾರಿಗೆ ಮುಂಚೆ ಅರಬ್ಬಿ ಸಮುದ್ರದ ಈ ಆಗ್ನೇಯ ಮೂಲೆ ಸುತ್ತಲಿನ ಸಮುದ್ರಕ್ಕಿಂತ ಜಾಸ್ತಿ ಕಾಯುತ್ತದೆ. ಆಳ ಕಡಿಮೆ ಇರುವ ಕಡೆ ಮಧ್ಯಾಹ್ನ ಕಾಲಿಟ್ಟರೆ ಹಂಡೆ ನೀರು ಅನ್ನಿಸಿದರೂ ಆಶ್ಚರ್ಯವಿಲ್ಲ. ನಮಗೆ ಹಿತ. ಹವಳಕ್ಕೆ ಮಾತ್ರ ಇದು ಕಷ್ಟ. ಆ ವಿಷಯ ಕೆಳಗೆ ಬರುತ್ತದೆ.

ಯಾವ ತಿಂಗಳಲ್ಲಿ ಹೋಗಬೇಕು?

ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಒಳ್ಳೆಯದು. ಬಿಸಿಲು ತಡೆಯುವ ಹಾಗಿರುತ್ತದೆ, ನೀರು ತಿಳಿಯಾಗಿರುತ್ತದೆ. ಏಪ್ರಿಲ್‌ನಲ್ಲಿ ಸಮುದ್ರ ಇನ್ನೂ ಶಾಂತ, ಆದರೆ ಸೆಕೆ ಹಿಂಡುತ್ತದೆ. ಮಕ್ಕಳ ಬೇಸಿಗೆ ರಜೆಗೇ ಹೋಗಬೇಕು ಅಂದರೆ ಏಪ್ರಿಲ್ ಮೊದಲ ವಾರ ನೋಡಿ, ಮೇ ಬೇಡ. ಮೇ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಮುಂಗಾರು. ಹಡಗು, ದೋಣಿ ಎಲ್ಲ ಕಡಿಮೆಯಾಗುತ್ತವೆ. ಅಕ್ಟೋಬರ್‌ನಿಂದ ಡಿಸೆಂಬರ್ ಮೊದಲ ಭಾಗದವರೆಗೆ ಹೋಗಬಹುದು, ಆದರೆ ಚಂಡಮಾರುತದ ಸುದ್ದಿಯ ಮೇಲೆ ಒಂದು ಕಣ್ಣಿರಲಿ. 2017ರ ಡಿಸೆಂಬರ್ ಆರಂಭದಲ್ಲಿ ಓಖಿ ಈ ದ್ವೀಪಗಳನ್ನು ಚೆನ್ನಾಗಿಯೇ ಅಲ್ಲಾಡಿಸಿತು.

ನಮ್ಮ ದೇಶದ್ದೇ ಜಾಗ ಅಲ್ವಾ, ಪರ್ಮಿಟ್ ಯಾಕೆ?

ಬೇಕೇ ಬೇಕು. 1967ರ ನಿಯಮದ ಪ್ರಕಾರ ಅಲ್ಲಿನ ಮೂಲ ನಿವಾಸಿಗಳಲ್ಲದವರು ಪರ್ಮಿಟ್ ಇಲ್ಲದೆ ದ್ವೀಪಕ್ಕೆ ಕಾಲಿಡುವಂತಿಲ್ಲ. ಸಣ್ಣ ನೆಲ, ಕಡಿಮೆ ಸಿಹಿನೀರು, ತಮ್ಮದೇ ರೀತಿಯಲ್ಲಿ ಬದುಕುವ ಜನ. ಬಂದವರೆಲ್ಲ ನುಗ್ಗಿದರೆ ತಡೆಯುವ ಶಕ್ತಿ ಆ ಜಾಗಕ್ಕಿಲ್ಲ. ನನ್ನ ಲೆಕ್ಕದಲ್ಲಿ ಲಗೂನ್ ಇನ್ನೂ ಚೆನ್ನಾಗಿ ಉಳಿದಿರುವುದಕ್ಕೆ ಈ ಪರ್ಮಿಟ್ಟೂ ಒಂದು ಕಾರಣ.

ಸರಕಾರಿ ಪ್ಯಾಕೇಜ್ ತೆಗೆದುಕೊಂಡರೆ ಪರ್ಮಿಟ್ ಕೆಲಸ ಬಹುಪಾಲು ಅವರೇ ನೋಡುತ್ತಾರೆ. ಅಲ್ಲಿನ ಪ್ರವಾಸದ ಸರಕಾರಿ ಸಂಸ್ಥೆಯ ಹೆಸರು ಸ್ಪೋರ್ಟ್ಸ್. ಆಟಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಮುಂದೆ ಹೋಗಿಬಿಡಬೇಡಿ. ಸ್ಥಳೀಯ ಏಜೆಂಟ್ ಮೂಲಕ ಅಥವಾ ಆನ್‌ಲೈನ್‌ನಲ್ಲೂ ಮಾಡಿಸಬಹುದು. ಯಾವ ಕಾಗದ, ಎಷ್ಟು ಶುಲ್ಕ ಅನ್ನುವುದು ಆಗಾಗ ಬದಲಾಗುತ್ತದೆ. ಲಕ್ಷದ್ವೀಪ ಆಡಳಿತದ ಜಾಲತಾಣದಲ್ಲಿ ಇರುವುದನ್ನೇ ನಂಬಿ, ಹೋದ ವರ್ಷ ಹೋಗಿಬಂದ ಗೆಳೆಯರ ಮಾತನ್ನಲ್ಲ.

ಎರಡು ಸಂಗತಿ ನೆನಪಿರಲಿ. ಒಂದು, ಪರ್ಮಿಟ್‌ನಲ್ಲಿ ಯಾವ ದ್ವೀಪದ ಹೆಸರಿದೆಯೋ ಅಲ್ಲಿಗೆ ಮಾತ್ರ ಹೋಗಬಹುದು. ಅಗತ್ತಿಯಲ್ಲಿ ಇಳಿದು ಬಂಗಾರಂಗೆ ಹೋಗುವವರು ಎರಡೂ ಹೆಸರು ಇದೆಯಾ ನೋಡಿಕೊಳ್ಳಿ. ಎರಡು, ಮೊದಲು ರೂಮು ಅಥವಾ ಪ್ಯಾಕೇಜ್, ಆಮೇಲೆ ಪರ್ಮಿಟ್, ಕೊನೆಗೆ ಟಿಕೆಟ್. ಅಗ್ಗದ ವಿಮಾನ ಟಿಕೆಟ್ ಕಂಡಿತು ಅಂತ ಮೊದಲೇ ಕೊಂಡುಬಿಟ್ಟರೆ ತಲೆನೋವು.

ಹಡಗಾ, ವಿಮಾನವಾ?

ವಿಮಾನ ಇಳಿಯುವುದು ಅಗತ್ತಿಯಲ್ಲಿ ಮಾತ್ರ. ಕೊಚ್ಚಿಯಿಂದ ಸುಮಾರು ಒಂದೂವರೆ ಗಂಟೆ. 2024ರಲ್ಲಿ ಬೆಂಗಳೂರಿಂದಲೂ ನೇರ ವಿಮಾನ ಶುರುವಾಯಿತು. ವೇಳಾಪಟ್ಟಿ ಬದಲಾಗುತ್ತಿರುತ್ತದೆ, ಬುಕ್ ಮಾಡುವ ದಿನ ನೋಡಿಕೊಳ್ಳಿ. ಕಿಟಕಿ ಪಕ್ಕದ ಸೀಟು ಸಿಕ್ಕರೆ ಬಿಡಬೇಡಿ. ರನ್‌ವೇ ದ್ವೀಪದ ತುದಿಯಲ್ಲಿದೆ, ಎರಡೂ ಕಡೆ ನೀರು. ಲಗೂನ್ ಯಾವುದು, ಆಳ ಸಮುದ್ರ ಯಾವುದು ಅಂತ ಮೇಲಿನಿಂದ ಬಣ್ಣ ನೋಡಿಯೇ ಹೇಳಬಹುದು.

ಹಡಗು ಹೊರಡುವುದು ಕೊಚ್ಚಿಯಿಂದ. ದ್ವೀಪದ ಮೇಲೆ ಅವಲಂಬಿಸಿ 14ರಿಂದ 18 ಗಂಟೆ. ಎಂವಿ ಕವರತ್ತಿ ದೊಡ್ಡದು, 700 ಜನ ಹಿಡಿಸುತ್ತಾರೆ. ಈ ಹಡಗುಗಳು ದ್ವೀಪದವರ ಬಸ್ಸೂ ಹೌದು. ಆಸ್ಪತ್ರೆಗೆ ಹೋಗಿಬರುವವರು, ಕಾಲೇಜು ಹುಡುಗರು, ಮದುವೆಗೆ ಸಾಮಾನು ತರುವವರು ಎಲ್ಲ ಅದರಲ್ಲೇ. ಟಿಕೆಟ್ ಬೇಗ ಮುಗಿಯುವುದು ಅದಕ್ಕೇ.

ಹಡಗಿನಲ್ಲಿ ಹೋಗುವವರು ಒಂದಕ್ಕೆ ತಯಾರಾಗಿರಿ. ಹಲವು ದ್ವೀಪಗಳಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ, ಹವಳ ಅಡ್ಡ. ದೂರದಲ್ಲೇ ನಿಲ್ಲುತ್ತದೆ. ಹಡಗಿನ ಪಕ್ಕದ ಬಾಗಿಲು ತೆರೆಯುತ್ತಾರೆ. ಕೆಳಗೆ ಸಣ್ಣ ದೋಣಿ ಒಂದು ಆಳು ಎತ್ತರ ಏರುತ್ತಾ ಇಳಿಯುತ್ತಾ ನಿಂತಿರುತ್ತದೆ. ದೋಣಿಯಲ್ಲಿ ಇಬ್ಬರು, ಬಾಗಿಲಲ್ಲಿ ಇಬ್ಬರು. ದೋಣಿ ಮೇಲೆ ಬಂದ ಗಳಿಗೆಯಲ್ಲಿ ಅವರು ನಿಮ್ಮ ಎರಡೂ ರಟ್ಟೆ ಹಿಡಿದು ಆ ಕಡೆ ದಾಟಿಸಿಬಿಡುತ್ತಾರೆ. ನೀವಾಗಿ ಹಾರಬೇಡಿ, ಅವರು ಹೇಳುವವರೆಗೆ ಕಾಲೆತ್ತಬೇಡಿ. ಬ್ಯಾಗು ಬೆನ್ನಿಗಿರಲಿ, ಕೈ ಖಾಲಿ ಇರಲಿ. ಸೀರೆಗಿಂತ ಚೂಡಿದಾರ್, ಪ್ಯಾಂಟ್ ಅನುಕೂಲ. ಅವರಿಗೆ ಇದು ದಿನದ ಕೆಲಸ. ಅಜ್ಜಿಯರನ್ನೂ ಕೈಗೂಸುಗಳನ್ನೂ ಹೀಗೇ ಇಳಿಸುತ್ತಾರೆ.

ವಾಂತಿಯ ತೊಂದರೆ ಇರುವವರು ಮಾತ್ರೆಯನ್ನು ಹಡಗು ಹೊರಡುವುದಕ್ಕೆ ಮುಂಚೆಯೇ ತೆಗೆದುಕೊಳ್ಳಬೇಕು. ಸಂಕಟ ಶುರುವಾದ ಮೇಲೆ ನುಂಗಿದರೆ ಅದೂ ಹೊರಗೇ ಬರುತ್ತದೆ.

ಮಂಗಳೂರಿಂದ ಹಡಗಿಲ್ಲವಾ?

ನಮ್ಮ ಕರಾವಳಿಯವರು ಕೇಳಿಯೇ ಕೇಳುವ ಪ್ರಶ್ನೆ. ಕೇಳುವ ಹಕ್ಕೂ ಇದೆ. ಅಮಿನಿ, ಕದಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಈ ಐದೂ ಒಂದು ಕಾಲಕ್ಕೆ ಟಿಪ್ಪುವಿನ ಕೈಯಲ್ಲಿದ್ದವು. 1799ರ ನಂತರ ಬ್ರಿಟಿಷರಿಗೆ ಹೋದವು. 1956ರಲ್ಲಿ ಕೇಂದ್ರಾಡಳಿತ ಪ್ರದೇಶ ಆಗುವವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನ ತೆಂಗಿನ ನಾರು, ಕೊಬ್ಬರಿ ಮಂಗಳೂರಿಗೆ ಬರುತ್ತಿತ್ತು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಈಗಲೂ ಹಳೇ ಬಂದರಿನಿಂದ ತರಕಾರಿ, ಜಲ್ಲಿ, ಸಿಮೆಂಟು ಹೊತ್ತ ಮಂಜಿಗಳು, ಅಂದರೆ ಸರಕಿನ ದೋಣಿಗಳು, ಹೋಗುತ್ತವೆ. ಆದರೆ ಪ್ರಯಾಣಿಕರ ಹಡಗು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದನ್ನು ನಂಬಿ ರಜೆ ಹಾಕಬೇಡಿ, ಕೊಚ್ಚಿಯೇ ಗಟ್ಟಿ.

ಯಾವ ದ್ವೀಪ ಆರಿಸಿಕೊಳ್ಳಲಿ?

ಫೋಟೋ ನೋಡಿ ಆರಿಸಬೇಡಿ, ಫೋಟೋದಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಲಗೂನ್ ನೋಡಿ ಆರಿಸಿ.

ಬರೀ ನೀರಿನಲ್ಲಿ ಬಿದ್ದಿರಬೇಕು ಅನ್ನುವವರಿಗೆ ನನ್ನ ಮೊದಲ ಆಯ್ಕೆ ಕದಮತ್. ಉದ್ದಕ್ಕೆ ಸುಮಾರು 8 ಕಿಲೋಮೀಟರ್, ಅಗಲ ಅರ್ಧ ಕಿಲೋಮೀಟರ್ ಅಷ್ಟೇ. ಪಶ್ಚಿಮದ ಉದ್ದಕ್ಕೂ ಲಗೂನ್, ಸುಮಾರು 37 ಚದರ ಕಿಲೋಮೀಟರ್. ಜನ ಕಡಿಮೆ, ಮರಳು ಜಾಸ್ತಿ. ಇಲ್ಲಿನ ಬೀಚ್‌ಗೂ ಮಿನಿಕಾಯ್‌ನ ತುಂಡಿ ಬೀಚ್‌ಗೂ 2022ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ, ಅಂದರೆ ಸ್ವಚ್ಛ, ಸುರಕ್ಷಿತ ಬೀಚ್ ಅನ್ನುವ ಅಂತರರಾಷ್ಟ್ರೀಯ ಗುರುತು, ಸಿಕ್ಕಿತು.

ದಿನ ಕಡಿಮೆ ಇದ್ದರೆ ಅಗತ್ತಿ, ಜೊತೆಗೆ ಬಂಗಾರಂ. ವಿಮಾನ ಇಳಿದ ಮಧ್ಯಾಹ್ನವೇ ನೀರಿಗಿಳಿಯಬಹುದು. ಬಂಗಾರಂ ಮತ್ತು ತಿನ್ನಕರ ಒಂದೇ ದೊಡ್ಡ ಲಗೂನಿನೊಳಗಿವೆ. ಕಲ್ಪೇನಿಯಲ್ಲಿ ಲಗೂನಿನೊಳಗೇ ತಿಲಕ್ಕಂ, ಪಿಟ್ಟಿ ಅಂತ ಪುಟಾಣಿ ದ್ವೀಪಗಳಿವೆ, ಕಯಾಕ್ ಪ್ರಿಯರಿಗೆ ಅದು ಸರಿ. ಕವರತ್ತಿ ರಾಜಧಾನಿ, ಊರಿನ ಗಲಾಟೆ ಸ್ವಲ್ಪ ಇದೆ.

ಮಿನಿಕಾಯ್ ಎಲ್ಲಕ್ಕಿಂತ ದಕ್ಷಿಣಕ್ಕೆ, ಒಂಟಿಯಾಗಿ ಇದೆ. ಭಾಷೆಯೂ ಬೇರೆ, ಮಾಲ್ದೀವ್ಸಿನ ನುಡಿಗೆ ಹತ್ತಿರದ ಮಹಲ್. 1885ರ ದೀಪಸ್ತಂಭ ಹತ್ತಿದರೆ ಲಗೂನ್ ಪೂರ್ತಿ ಕಾಣುತ್ತದೆ. ಹೋಗಿಬರುವ ಸಮಯ ಇದ್ದರೆ ಮಾತ್ರ ಸೇರಿಸಿಕೊಳ್ಳಿ. ಅಂದ್ರೋತ್ ಅತಿ ದೊಡ್ಡ ದ್ವೀಪ, ಆದರೆ ಹೇಳಿಕೊಳ್ಳುವಂಥ ಲಗೂನ್ ಇಲ್ಲ. ಬಿತ್ರಾ ತದ್ವಿರುದ್ಧ: ನೆಲ 0.1 ಚದರ ಕಿಲೋಮೀಟರ್, ಲಗೂನ್ ಸುಮಾರು 45.

ಈಜು ಬರುವುದಿಲ್ಲ. ನೀರಿಗಿಳಿಯಬಹುದಾ?

ಧಾರಾಳವಾಗಿ. ದಡದ ಹತ್ತಿರ ಬಹಳ ದೂರದವರೆಗೆ ಮೊಣಕಾಲಿನಿಂದ ಎದೆಮಟ್ಟದ ನೀರು, ಕೆಳಗೆ ಮರಳು, ತಳ ಕಾಣುತ್ತದೆ. ಲೈಫ್ ಜಾಕೆಟ್ ಹಾಕಿಕೊಂಡು ಮುಖ ಕೆಳಗೆ ಮಾಡಿ ಸುಮ್ನೆ ತೇಲಿದರೂ ಸಾಕು. ಸ್ನಾರ್ಕೆಲ್‌ಗೆ, ಅಂದರೆ ಮಾಸ್ಕ್ ಹಾಕಿ ಬಾಯಲ್ಲಿ ಕೊಳವೆ ಇಟ್ಟುಕೊಂಡು ತೇಲುವುದಕ್ಕೆ, ಈಜಿಗಿಂತ ಬಾಯಲ್ಲಿ ಉಸಿರಾಡುವ ಅಭ್ಯಾಸ ಮುಖ್ಯ. ಮೊದಲ ಐದು ನಿಮಿಷ ಸೊಂಟದ ಮಟ್ಟದ ನೀರಲ್ಲಿ ನಿಂತು, ಬಗ್ಗಿ, ನಿಧಾನವಾಗಿ ಉಸಿರಾಡಿ ನೋಡಿ. ಗಾಬರಿ ಹೋದ ಮೇಲೆ ಮುಂದೆ ಹೋಗಿ. ಮಾಸ್ಕಿನ ಅಂಚಿಗೆ ಕೂದಲು ಸಿಕ್ಕಿಕೊಂಡಿದ್ದರೆ ನೀರು ಒಳಗೆ ಬರುತ್ತಲೇ ಇರುತ್ತದೆ. ಮೀಸೆಯವರಿಗೂ ಇದೇ ಗೋಳು, ಮೇಲ್ತುಟಿಗೆ ಸ್ವಲ್ಪ ವ್ಯಾಸಲೀನ್ ಹಚ್ಚಿ.

ಮಕ್ಕಳನ್ನು ಮಾತ್ರ ಕೈಯಳತೆಯಲ್ಲೇ ಇಟ್ಟುಕೊಳ್ಳಿ. ಅಲೆ ಇಲ್ಲ ಅಂತ ದೊಡ್ಡವರು ಮೊಬೈಲ್ ಹಿಡಿದು ಕೂರುವುದೇ ಇಲ್ಲಿನ ದೊಡ್ಡ ಅಪಾಯ.

ಹಾಗಾದರೆ ಅಪಾಯವೇ ಇಲ್ಲವಾ?

ಇದೆ. ಅಲೆಗಳು ದಂಡೆಯ ಮೇಲಿನಿಂದ ನೀರನ್ನು ಲಗೂನಿಗೆ ತುಂಬುತ್ತಾ ಇರುತ್ತವೆ. ಆ ನೀರು ಹೊರಗೆ ಹೋಗುವುದು ದಂಡೆಯಲ್ಲಿರುವ ಕಂಡಿಗಳಿಂದ, ಅಂದರೆ ದೋಣಿಗಳು ದಾಟುವ ದಾರಿಯಿಂದ. ಇಳಿತದ ಹೊತ್ತಿಗೆ ಅಲ್ಲಿ ಸೆಳೆತ ಜೋರು. ಮೇಲೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕಂಡಿ ಎಲ್ಲಿದೆ ಅಂತ ದೋಣಿಯವರನ್ನು ಕೇಳಿ, ಆ ಕಡೆ ಒಬ್ಬರೇ ಹೋಗಬೇಡಿ. ಭರತ, ಇಳಿತದ ಸಮಯವನ್ನೂ ದಿನಾ ಬೆಳಿಗ್ಗೆ ಕೇಳಿಕೊಳ್ಳಿ. ಪೂರ್ತಿ ಇಳಿದಾಗ ಕೆಲವು ಕಡೆ ಈಜುವಷ್ಟು ನೀರೇ ಇರದು, ಹೊಟ್ಟೆ ಹವಳಕ್ಕೆ ಉಜ್ಜುತ್ತದೆ.

ಕಾಲಿಗೆ ದಪ್ಪ ತಳದ ನೀರಿನ ಶೂ ಹಾಕಿ. ಮುಳ್ಳು ತುಂಬಿದ ಸೀ ಅರ್ಚಿನ್ ಇರುತ್ತವೆ. ಕಲ್ಲಿನ ಹಾಗೇ ಬಿದ್ದಿರುವ ಸ್ಟೋನ್‌ಫಿಶ್ ಇರುತ್ತದೆ, ಅದರ ಬೆನ್ನಿನ ಮುಳ್ಳು ಚುಚ್ಚಿದರೆ ನೋವು ಭಯಂಕರ. ಚುಚ್ಚಿದ ಕಾಲನ್ನು ತಡೆದುಕೊಳ್ಳುವಷ್ಟು ಬಿಸಿ ನೀರಲ್ಲಿ, ಸುಮಾರು 45 ಡಿಗ್ರಿ, ಅದ್ದಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಿ. ಚಂದದ ಚಿತ್ತಾರದ ಶಂಕು ಆಕಾರದ ಶಂಖ ಕಂಡರೆ ಎತ್ತಬೇಡಿ, ಒಳಗಿನ ಹುಳು ವಿಷದ ಬಾಣ ಹೊಡೆಯುತ್ತದೆ. ಸ್ಕೂಬಾ ಮಾಡಿದವರು ವಿಮಾನ ಹತ್ತುವ ಮುಂಚೆ ಕನಿಷ್ಠ 18 ಗಂಟೆ ಬಿಡುವು ಕೊಡಿ. ಕೊನೆಯ ದಿನಕ್ಕೆ ಸ್ಕೂಬಾ ಇಟ್ಟುಕೊಳ್ಳಬಾರದು ಅನ್ನುವುದು ಅದಕ್ಕೇ.

ನೀರೊಳಗೆ ಏನೇನು ಕಾಣುತ್ತದೆ?

ಬೆಳಿಗ್ಗೆ ಬೇಗ ಇಳಿಯಿರಿ, ಗಾಳಿ ಏಳುವ ಮುಂಚೆ. ಒಂದು ಹವಳದ ಬಂಡೆ ಹುಡುಕಿಕೊಂಡು ಅಲ್ಲೇ ಅಲ್ಲಾಡದೆ ತೇಲಿ. ಓಡಾಡಿದರೆ ಮೀನು ಓಡುತ್ತವೆ. ನಿಂತರೆ ವಾಪಸ್ ಬರುತ್ತವೆ. ಕಿವಿ ನೀರೊಳಗಿದ್ದರೆ ಕರಕರ ಸದ್ದು ಕೇಳುತ್ತದೆ. ಗಿಳಿಮೀನು ಕೊಕ್ಕಿನಂಥ ಹಲ್ಲಿನಿಂದ ಹವಳ ಕೆರೆಯುವ ಸದ್ದು ಅದು. ಪಾಚಿ ತಿನ್ನುವುದಕ್ಕೆ ಕೆರೆಯುತ್ತದೆ, ಜೊತೆಗೆ ಹವಳದ ಚೂರೂ ಹೊಟ್ಟೆಗೆ ಹೋಗುತ್ತದೆ. ಸ್ವಲ್ಪ ಹೊತ್ತು ಅದರ ಹಿಂದೆಯೇ ನೋಡುತ್ತಿದ್ದರೆ ಬಾಲದ ಕೆಳಗಿನಿಂದ ಬಿಳಿ ಪುಡಿ ಮೋಡದ ಥರ ಹೊರಬರುತ್ತದೆ. ನೀವು ಟವೆಲ್ ಹಾಸಿ ಮಲಗಿದ್ದ ಬಿಳಿ ಮರಳಲ್ಲಿ ಇದರ ಪಾಲು ಸಾಕಷ್ಟಿದೆ. ಹೇಳಿದರೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.

ಅಗತ್ತಿಯ ಕಡೆ ಹಸಿರು ಕಡಲಾಮೆಗಳು ಕಾಣಬಹುದು. ತಳದ ಕಡಲಹುಲ್ಲು ಮೇಯುವುದಕ್ಕೆ ಬರುತ್ತವೆ. ಆಮೆಗಳು ಜಾಸ್ತಿಯಾಗಿ ಹುಲ್ಲುಗಾವಲೇ ತೆಳುವಾಗಿದ್ದನ್ನು ಸಂಶೋಧಕರು ಇಲ್ಲಿ ದಾಖಲಿಸಿದ್ದಾರೆ. ಆಮೆ ಉಸಿರಾಡಲು ಮೇಲೆ ಬರುವಾಗ ದಾರಿಗೆ ಅಡ್ಡ ಹೋಗಬೇಡಿ, ಮುಟ್ಟಲು ಬೆನ್ನಟ್ಟಬೇಡಿ.

ಹವಳದ ಮೇಲೆ ಒಂದು ಗಳಿಗೆ ನಿಂತರೆ ಏನಾಗುತ್ತದೆ?

ಸಾಯುತ್ತದೆ. ಕಲ್ಲಿನ ಥರ ಕಂಡರೂ ಮೇಲಿನ ತೆಳು ಪದರ ಜೀವಂತ. ಬಂಡೆಯಂಥ ಹವಳ ವರ್ಷಕ್ಕೆ ಬೆಳೆಯುವುದೇ ಒಂದು ಸೆಂಟಿಮೀಟರ್ ಆಸುಪಾಸು. ನೀರು ವಾರಗಟ್ಟಲೆ ಅತಿಯಾಗಿ ಕಾದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಅದಿಲ್ಲದೆ ಅದಕ್ಕೆ ಊಟವಿಲ್ಲ. 1998, 2010, 2016, ಮತ್ತೆ 2024ರಲ್ಲಿ ಲಕ್ಷದ್ವೀಪದಲ್ಲಿ ಹೀಗಾಯಿತು. ಹಾಗಾಗಿ ಹಳೇ ವೀಡಿಯೋದಲ್ಲಿದ್ದ ಬಣ್ಣವೆಲ್ಲ ಸಿಗುತ್ತದೆ ಅಂತ ಹೋಗಬೇಡಿ. ಕೆಲವು ಕಡೆ ಬೂದು ಬಣ್ಣದ ಮುರಿದ ಕೊಂಬೆಗಳೇ ಕಾಣುತ್ತವೆ. ದಂಡೆ ಸತ್ತು ಸವೆದರೆ ಅಲೆ ತಡೆಯುವವರು ಯಾರು? ಆಮೇಲೆ ಈ ಶಾಂತ ನೀರೂ ಇಲ್ಲ, ಹಿಂದಿನ ಊರೂ ಇಲ್ಲ. ಸುಸ್ತಾದರೆ ಮರಳಿನ ಮೇಲೆ ನಿಲ್ಲಿ.

ಸನ್‌ಸ್ಕ್ರೀನ್ ಹಚ್ಚಬಹುದಾ?

ಝಿಂಕ್ ಆಕ್ಸೈಡ್ ಇರುವುದು ಹಚ್ಚಿ. ಆಕ್ಸಿಬೆಂಝೋನ್, ಆಕ್ಟಿನಾಕ್ಸೇಟ್ ಇದ್ದರೆ ಬೇಡ. ಹವಳಕ್ಕೆ ಹಾನಿ ಅಂತ ಹವಾಯಿಯಲ್ಲಿ ಇವುಗಳ ಮಾರಾಟವನ್ನೇ ನಿಲ್ಲಿಸಿದ್ದಾರೆ. ಅದಕ್ಕಿಂತ ಒಳ್ಳೆಯದು ಉದ್ದ ತೋಳಿನ ಈಜುಡುಗೆ. ಸ್ನಾರ್ಕೆಲ್ ಮಾಡುವಾಗ ಸುಡುವುದು ಬೆನ್ನು ಮತ್ತು ಮೊಣಕಾಲಿನ ಹಿಂಭಾಗ. ರಾತ್ರಿ ಮಲಗುವಾಗ ಗೊತ್ತಾಗುತ್ತದೆ.

ಬಟ್ಟೆ, ಮದ್ಯದ ವಿಷಯ?

ಊರಿನವರಲ್ಲಿ ಬಹುತೇಕರು ಮುಸ್ಲಿಮರು. ರೆಸಾರ್ಟಿನ ಬೀಚ್‌ನಲ್ಲಿ ಈಜುಡುಗೆ ಸರಿ, ಊರೊಳಗೆ ಮೈತುಂಬ ಬಟ್ಟೆ ಇರಲಿ. ಬಂಗಾರಂ ಬಿಟ್ಟು ಬೇರೆ ಕಡೆ ಮದ್ಯ ನಿಷೇಧ. ಬ್ಯಾಗಿನಲ್ಲಿಟ್ಟುಕೊಂಡು ಹೋಗುವ ಜಾಣತನ ಬೇಡ.

ಸಸ್ಯಾಹಾರಿಗಳ ಗತಿ ಏನು?

ಉಪವಾಸವಂತೂ ಬೀಳುವುದಿಲ್ಲ. ಅನ್ನ, ಸಾರು, ಪಲ್ಯ, ತೆಂಗಿನಕಾಯಿ ಯಥೇಚ್ಛ. ಆದರೆ ತರಕಾರಿ ಬರುವುದು ಹಡಗಿನಲ್ಲಿ. ಹಡಗು ತಡವಾದರೆ ಮೂರು ದಿನ ಅದೇ ಪಲ್ಯ. ಚಟ್ನಿಪುಡಿ, ಅವಲಕ್ಕಿ ಜೊತೆಗಿದ್ದರೆ ಧೈರ್ಯ. ಮೀನು ತಿನ್ನುವವರಿಗೆ ಟ್ಯೂನಾ ದಿನಾ ಹಬ್ಬ. ಇಲ್ಲಿ ಅದನ್ನು ಬಲೆಗಿಂತ ಕೋಲಿನ ಗಾಳದಿಂದ ಒಂದೊಂದಾಗಿ ಹಿಡಿಯುತ್ತಾರೆ. ಅದಕ್ಕೆ ಬೇಕಾದ ಜೀವಂತ ಸಣ್ಣ ಮೀನು ಸಿಗುವುದು ಲಗೂನಿನಲ್ಲೇ.

ಫೋನು, ದುಡ್ಡು?

2024ರ ಜನವರಿಯಲ್ಲಿ ಕೊಚ್ಚಿಯಿಂದ ಸಮುದ್ರದಡಿಯ ಕೇಬಲ್ ಬಂದ ಮೇಲೆ ಇಂಟರ್ನೆಟ್ ಸುಧಾರಿಸಿದೆ. ಬಿಎಸ್‌ಎನ್‌ಎಲ್, ಏರ್‌ಟೆಲ್ ನಡೆಯುತ್ತವೆ. ಕೈಯಲ್ಲಿ ನೋಟು ಇಟ್ಟುಕೊಳ್ಳಿ. ಮಾತು ಮಲಯಾಳದ ಒಂದು ಬಗೆ, ಬ್ಯಾರಿ ಭಾಷೆ ಬಲ್ಲವರಿಗೆ ಅರ್ಧ ಕೆಲಸ ಸಲೀಸು.

ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ವಿಮಾನದಲ್ಲಿ ಅಗತ್ತಿಗೆ ಆದರೆ ಹೌದು. ಗಾಜಿನ ತಳದ ದೋಣಿಯಲ್ಲಿ ಕೂತು, ಕಾಲು ಒದ್ದೆ ಮಾಡಿಕೊಳ್ಳದೆ ಹವಳ ನೋಡಬಹುದು. ಅಗತ್ತಿ, ಕವರತ್ತಿಯಲ್ಲಿ ಆಸ್ಪತ್ರೆ ಇದೆ. ಗಂಭೀರವಾದರೆ ಹೆಲಿಕಾಪ್ಟರಿನಲ್ಲಿ ಕೊಚ್ಚಿಗೇ ಕಳಿಸಬೇಕು. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಹೊರಡಲಿ, ಮಾತ್ರೆ ಒಂದು ವಾರದ್ದು ಜಾಸ್ತಿಯೇ ಇರಲಿ.

ಇಷ್ಟೆಲ್ಲ ತಾಪತ್ರಯಕ್ಕಿಂತ ಮಾಲ್ದೀವ್ಸ್ ಒಳ್ಳೆಯದಲ್ವಾ?

ಮುಂದಿನ ವಾರವೇ ಹೋಗಬೇಕು, ನೀರಿನ ಮೇಲೇ ರೂಮು ಬೇಕು ಅಂದರೆ ಖಂಡಿತ ಮಾಲ್ದೀವ್ಸ್. ಭಾರತೀಯರಿಗೆ ಅಲ್ಲಿ ಇಳಿದ ಮೇಲೆಯೇ ವೀಸಾ ಕೊಡುತ್ತಾರೆ. ಲಕ್ಷದ್ವೀಪಕ್ಕೆ ತಿಂಗಳುಗಳ ಮುಂಚೆ ಕೂತು ಯೋಚಿಸಬೇಕು, ರೂಮು ಸಾಧಾರಣ, ಅಗ್ಗವೂ ಅಲ್ಲ. ಆದರೆ ಬೆಳಿಗ್ಗೆ ಲಗೂನಿಗೆ ಇಳಿದಾಗ ಸುತ್ತ ನೀವು ನಾಲ್ಕೇ ಜನ. ನನಗಾದರೆ ಅಷ್ಟು ಸಾಕು.

ನೆನಪಿಗೆ ಏನು ತರಬಹುದು?

ಹವಳ ಬೇಡ, ಸತ್ತು ದಡಕ್ಕೆ ಬಿದ್ದ ತುಂಡೂ ಬೇಡ. ಹವಳ, ಕಡಲಸೌತೆ (ಸೌತೆಕಾಯಿ ಆಕಾರದ ಸಮುದ್ರಜೀವಿ) ಎರಡಕ್ಕೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ವಾಪಸ್ ಬರುವಾಗ ಬ್ಯಾಗು ನೋಡುತ್ತಾರೆ, ಸಿಕ್ಕರೆ ಕೇಸು. ತಿನ್ನುವುದನ್ನು ತನ್ನಿ. ತೆಂಗಿನ ಸಿಹಿತಿಂಡಿ ಸಿಗುತ್ತದೆ. ಮೀನು ತಿನ್ನುವ ಮನೆಯಾದರೆ ಮಾಸ್ ತನ್ನಿ, ಅಂದರೆ ಬೇಯಿಸಿ, ಹೊಗೆ ಹಾಕಿ, ಕಲ್ಲಿನಂತೆ ಒಣಗಿಸಿದ ಟ್ಯೂನಾ. ತುರಿದು ತೆಂಗಿನಕಾಯಿ ಜೊತೆ ಬೆರೆಸಿದರೆ ಅನ್ನಕ್ಕೆ ಬೇರೇನೂ ಬೇಡ. ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿಸಿಕೊಳ್ಳಿ, ಇಲ್ಲದಿದ್ದರೆ ಕೊಚ್ಚಿಯಿಂದ ಬರುವ ರೈಲಿನಲ್ಲಿ ಪಕ್ಕದ ಸೀಟಿನವರು ನಿಮ್ಮನ್ನೇ ನೋಡುತ್ತಾರೆ.